ಅಕ್ಕನ ಹೆಸರಿನಲ್ಲಿ ನನ್ನ ರಕ್ತ

ಹೈಬ್ರಿಡ್ ಬೀಜ ಮಾಡುವವರಿಗೆ ಒಂದೇ ಭಯ, ಸ್ಯಾಂಪಲ್ ಫೇಲ್ ಆಗುವುದು. ರಾಣೆಬೆನ್ನೂರಿನ ಸುತ್ತಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ, ಯಾಕೆಂದರೆ ಇದು ತಿಳಿಯದಿದ್ದರೆ ನಾನು ಮಾಡಿದ ತಪ್ಪೂ ತಿಳಿಯುವುದಿಲ್ಲ.

ನಾನು ಮದುವೆಯಾಗಿ ಬಂದದ್ದು ಮೇಡ್ಲೇರಿ ಕಡೆಯ ಒಂದು ಊರಿಗೆ. ಹೊಳೆಯ ನೀರಿತ್ತು, ಎರಡು ಎಕರೆ ಹೊಲವಿತ್ತು, ಅದರಲ್ಲಿ ಬೆಂಡಿಯ ಬೀಜ ಮಾಡುತ್ತಿದ್ದೆವು. ಸಂಜೆ ಹೆಣ್ಣು ಗಿಡದ ಮೊಗ್ಗು ಬಿಡಿಸಿ, ಒಳಗಿನ ಕೇಸರವನ್ನು ಉಗುರಿನಿಂದ ಕೆರೆದು ತೆಗೆದು, ಕಾಗದದ ಟೊಪ್ಪಿಗೆ ತೊಡಿಸಬೇಕು. ಮರುದಿನ ಬೆಳಿಗ್ಗೆ ಬೇರೆ ಸಾಲಿನಿಂದ ಗಂಡು ಹೂವು ತಂದು ಅದಕ್ಕೆ ಮುಟ್ಟಿಸಬೇಕು. ಕ್ರಾಸಿಂಗ್ ಅನ್ನುತ್ತೇವೆ ಇದಕ್ಕೆ. ಏಳನೆಯ ಇಯತ್ತೆ ಮುಗಿಸಿ ಶಾಲೆ ಬಿಟ್ಟವಳು ನಾನು, ಆದರೆ ಈ ಕೆಲಸದಲ್ಲಿ ನನ್ನ ಕೈ ಚುರುಕಾಗಿತ್ತು. ಊರಿನ ಹನ್ನೆರಡು ಹೆಂಗಸರು ನನ್ನ ಹಿಂದೆ ಕೆಲಸಕ್ಕೆ ಬರುತ್ತಿದ್ದರು.

ಬೀಜ ಒಣಗಿಸಿ ಚೀಲ ತುಂಬಿದ ಮೇಲೆ ಕಂಪನಿಯವರು ಬಂದು ಒಂದು ಹಿಡಿ ಒಯ್ಯುತ್ತಾರೆ. ಅದನ್ನು ಬೇರೆ ಕಡೆ ಬಿತ್ತಿ ನೋಡುತ್ತಾರೆ. ಗಿಡದಲ್ಲಿ ಬೆರಕೆ ಕಂಡರೆ ಆ ಹಿಡಿಯೊಂದೇ ಅಲ್ಲ, ಚೀಲಗಳೆಲ್ಲ ಫೇಲ್. ಇಡೀ ಲಾಟು ವಾಪಸ್.

ಒಂದು ವರ್ಷ ಹೀಗಾಯಿತು. ಕ್ರಾಸಿಂಗ್ ನಡೆದಿದ್ದಾಗಲೇ ಊರಿನಲ್ಲಿ ಮೂರು ಲಗ್ನ ಬಂದವು, ಹೆಂಗಸರು ಅವಸರ ಮಾಡಿದರು. ಕೆಳಗಿನ ನಾಲ್ಕು ಸಾಲಿನ ಬೀಜ ಚಲೋ ಇಲ್ಲವೆಂದು ನನಗೆ ಗೊತ್ತಿತ್ತು. ಕಂಪನಿಯವನು ಬಂದ ದಿನ ಮೇಲಿನ ಸಾಲಿನ ಚೀಲವನ್ನು ಮುಂದೆ ಇಟ್ಟೆ. "ಇದರಾಗ ತಗೋರಿ ಸಾಹೇಬ್ರ, ಎಲ್ಲಾ ಒಂದ ಹೊಲದ್ದು" ಅಂದೆ. ಪಾಸ್ ಆಯಿತು. ಹನ್ನೆರಡು ಮನೆಯವರು ನನ್ನನ್ನು ಹೊಗಳಿದರು. ಆ ಕೆಟ್ಟ ಬೀಜ ಯಾವ ಊರಿನ ಯಾರ ಹೊಲದಲ್ಲಿ ಹೇಗೆ ಎದ್ದಿತೋ, ಆಗ ನಾನು ಅದನ್ನು ಯೋಚಿಸಲಿಲ್ಲ. ತೋರಿಸುವ ಹಿಡಿ ಚಲೋ ಇದ್ದರೆ ಉಳಿದದ್ದೆಲ್ಲ ಉಳಿಯುತ್ತದೆ ಅನ್ನುವುದು ಮಾತ್ರ ಮನಸ್ಸಿನಲ್ಲಿ ಕೂತಿತು.

ನಾವು ಮೂವರು ಅಕ್ಕತಂಗಿಯರು. ದೊಡ್ಡಕ್ಕನನ್ನು ಬ್ಯಾಡಗಿಗೆ ಕೊಟ್ಟಿದ್ದರು, ಅವಳ ಗಂಡನಿಗೆ ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿಯ ಅಡತಿ ಅಂಗಡಿ. ನಡುವಿನವಳು ನಾನು. ನನಗಿಂತ ಏಳು ವರ್ಷ ಚಿಕ್ಕವಳು ತಂಗಿ. ಅವಳು ಹಾವೇರಿಯಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಬ್ಲೌಜ್ ಹೊಲಿಯುತ್ತಿದ್ದಳು. ನಮ್ಮ ಅವ್ವ ಎದೆಯಲ್ಲಿ ಗಂಟಾಗಿ ಸತ್ತಾಗ ತಂಗಿಗೆ ಐದು ವರ್ಷ. ಅವ್ವನ ಅಕ್ಕನೂ ಹಾಗೆಯೇ ಹೋದವಳು. ನಾವು ಅದನ್ನು ಹಣೆಬರಹ ಅಂದುಕೊಂಡಿದ್ದೆವು.

ಹಾವೇರಿ ಜಿಲ್ಲೆಯಾಗಿ ಆರೇಳು ವರ್ಷ ಆಗಿರಬೇಕು, ಅಕ್ಕನಿಗೂ ಗಂಟು ಬಂತು. ಅವಳಿಗೆ ಆಗ ಮೂವತ್ತೇಳು. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ಒಂದು ಎದೆ ತೆಗೆದರು, ವರ್ಷ ತುಂಬುವುದರೊಳಗೆ ಇನ್ನೊಂದರಲ್ಲೂ ಕಂಡಿತು. ಔಷಧ ಏರಿಸಲು ಇಪ್ಪತ್ತೊಂದು ದಿನಕ್ಕೊಮ್ಮೆ ಹೋಗಬೇಕಿತ್ತು. ಅವಳ ಗಂಡನಿಗೆ ಪೇಟೆ ಬಿಡಲು ಆಗುತ್ತಿರಲಿಲ್ಲ. ಸೋಮವಾರ, ಗುರುವಾರ ಅಲ್ಲಿ ಮೆಣಸಿನಕಾಯಿ ಟೆಂಡರು. ಹೀಗಾಗಿ ಕಾಗದದ ಚೀಲ ಹಿಡಿದು ಅವಳ ಜೊತೆ ಹೋಗುವವಳು ನಾನೇ ಆದೆ.

ಅಕ್ಕ ನಗುವವಳು. ಕೂದಲು ಉದುರಿದ ಮೇಲೆ ಸೆರಗು ಸರಿಸಿ ತಲೆ ತೋರಿಸಿ, "ನೋಡ, ತೊಟ್ಟ ಮುರದ ಮೆಣಸಿನಕಾಯಿ ಆಗೇತಿ. ಈಗ ರೇಟು ಜಾಸ್ತಿ ನನಗ" ಅಂದಳು. ಪಕ್ಕದ ಹಾಸಿಗೆಯ ಮುದುಕಿಯೂ ನಕ್ಕಳು.

ಡಾಕ್ಟರಬಾಯಿ ನಮ್ಮ ಮನೆತನದ ವಿಷಯ ಎಲ್ಲ ಕೇಳಿ ಬರೆದುಕೊಂಡರು. ಅವ್ವ, ದೊಡ್ಡವ್ವ, ಈಗ ಅಕ್ಕ. ಬಳಿಕ ನಮ್ಮಿಬ್ಬರನ್ನೂ ಕೂಡಿಸಿಕೊಂಡು ಹೇಳಿದರು. "ಮೈಯೊಳಗ ಒಂದು ಬರಹ ಇರತೈತ್ರಿ, ತಾಯಿ ತಂದಿ ಕಡಿಂದ ಬಂದದ್ದು. ಅದಕ್ಕ ಜೀನ್ ಅಂತಾರ. ನಿಮ್ಮ ಮನಿತನದಾಗ ಆ ಬರಹದಾಗ ಎಲ್ಲೋ ಒಂದ ಅಕ್ಷರ ತಪ್ಪೇತಿ ಅಂತ ನನಗ ಅನಸತೈತಿ. ಈಗ ಅದನ್ನ ಅಕ್ಷರ ಅಕ್ಷರ ಓದೂ ಪರೀಕ್ಷೆ ಬಂದೈತಿ. ರಕ್ತ ಪರದೇಶಕ್ಕ ಕಳಸಬೇಕು."

"ತಪ್ಪು ಸಿಕ್ಕರ ತಿದ್ದತಾರೇನ್ರಿ?" ಅಂದಳು ಅಕ್ಕ.

"ತಿದ್ದಾಕ ಬರೂದಿಲ್ಲ. ಖರೇ ಹೇಳಬೇಕಂದ್ರ ನಿಮ್ಮ ಔಷಧ ಏನೂ ಬದಲಾಗೂದಿಲ್ಲ. ಆದರ ನಿಮ್ಮ ತಂಗೇರು, ನಿಮ್ಮ ಮಗಳು, ಇವರೊಳಗ ಯಾರಿಗೆ ಐತಿ ಯಾರಿಗೆ ಇಲ್ಲ ತಿಳಿತೈತಿ. ಇದ್ದವರನ್ನ ಮೊದಲಿಂದ ಕಾಯಬಹುದು."

ನಾನು ನಡುವೆ ಬಾಯಿ ಹಾಕಿದೆ. "ಹಂಗಾದ್ರ ಆರಾಮ ಇದ್ದವರ ರಕ್ತ ನೋಡ್ರಿ. ಬ್ಯಾನಿ ಆದವರದು ಯಾಕ?"

"ಇಲ್ರಿ. ಮೊದಲು ಬ್ಯಾನಿ ಆದವರದು. ತಪ್ಪು ಯಾವ ಜಾಗಾದಾಗ ಐತಿ ಅಂತ ಅವರ ರಕ್ತ ಹೇಳತೈತಿ. ಆ ಜಾಗಾ ಗೊತ್ತಾದ ಮ್ಯಾಲೆ ಉಳದವರದು ಅದೊಂದ ಜಾಗಾ ನೋಡಿದ್ರ ಸಾಕು, ಖರ್ಚೂ ಭಾಳ ಕಡಿಮಿ. ಆರಾಮ ಇದ್ದವರದು ಮೊದಲ ನೋಡಿ ಏನೂ ಸಿಗಲಿಲ್ಲ ಅಂದ್ರ ಅದರಿಂದ ಏನೂ ತಿಳದಂಗ ಆಗೂದಿಲ್ಲ."

ಇಷ್ಟು ಸ್ಪಷ್ಟವಾಗಿ ಹೇಳಿದ್ದರು. ತಿಳಿಯಲಿಲ್ಲ ಎಂದು ನಾನು ಹೇಳಿಕೊಳ್ಳುವ ಹಾಗಿಲ್ಲ.

ಆ ಪರೀಕ್ಷೆಯ ಬೆಲೆ ಕೇಳಿ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನಮ್ಮ ಹೊಲದ ಒಂದು ವರ್ಷದ ಬೀಜದ ದುಡ್ಡಿಗಿಂತ ಹೆಚ್ಚಿತ್ತು. ಅಕ್ಕನ ಗಂಡ, "ಗುಣ ಆಗೂದಿಲ್ಲ ಅಂದ ಮ್ಯಾಲೆ ಅಷ್ಟ ರೊಕ್ಕ ಯಾಕ ಸುರೂದು?" ಅಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ, ಆಗಲೇ ಬಹಳ ಖರ್ಚು ಮಾಡಿದ್ದ. ಮರುದಿನ ಅಕ್ಕ ಕೈಯೊಳಗಿನ ಬಂಗಾರದ ಪಾಟ್ಲಿ ಎರಡೂ ತೆಗೆದು ಅವನ ಮುಂದಿಟ್ಟಳು. ಲಗ್ನದಲ್ಲಿ ನಮ್ಮ ಅಪ್ಪ ಮಾಡಿಸಿಕೊಟ್ಟಿದ್ದು.

"ಇದು ನನಗಲ್ಲ" ಅಂದಳು. "ಹಾವೇರಿಯಾಕೆ ಇನ್ನೂ ಹುಡುಗಿ. ನನ್ನ ಮಗಳಂತೂ ಸಾಲಿಗೆ ಹೋಗೂ ಕೂಸು. ಅವರಿಗೆ ಏನರ ಬಿಟ್ಟು ಹೋಗೂದಿದ್ರ ಇದ ಬಿಟ್ಟು ಹೋಗತೇನಿ."

ತಂಗಿ ಅಂಜಿದ್ದಳು. ಲಗ್ನವಾಗಿ ಮೂರು ವರ್ಷವಾದರೂ ಮಕ್ಕಳಾಗಿರಲಿಲ್ಲ, ಅತ್ತೆ ಮಾತಿನಲ್ಲಿ ಚುಚ್ಚುತ್ತಿದ್ದಳು. "ಕಾಗದದಾಗ ನನಗೂ ಐತಿ ಅಂತ ಬಂದ್ರ ಮುಂದ ಎದಿ, ಗರ್ಭ ಎಲ್ಲಾ ತಗಸ್ಕೋ ಅಂತಾರಂತ. ಆಮ್ಯಾಲೆ ನಾ ಆ ಮನ್ಯಾಗ ಏನಂತ ಇರಲಿ ಅಕ್ಕಾ?" ಅಂತ ನನ್ನ ಮುಂದೆ ಅತ್ತಿದ್ದಳು. ಆದರೂ ಅಕ್ಕನ ಮಾತಿಗೆ ಒಪ್ಪಿ ಒಮ್ಮೆ ಎದೆಯ ಫೋಟೋ ತೆಗೆಸಿಕೊಂಡು ಬಂದಳು. ಏನೂ ಇರಲಿಲ್ಲ. ಆರು ತಿಂಗಳಿಗೊಮ್ಮೆ ಬಾ ಅಂದಿದ್ದರು.

ರಕ್ತ ಕೊಡುವ ದಿನ ಬಂತು. ಬೆಳಿಗ್ಗೆ ಅಕ್ಕನ ಕೈಯಿಂದ ಯಾವಾಗಿನಂತೆ ರಕ್ತ ತೆಗೆದುಕೊಂಡು ಹೋದರು. ಅದು ಔಷಧ ಏರಿಸುವ ಮುಂಚೆ ನೋಡುವ ರಕ್ತ. ಮೂರು ಕಡೆ ಚುಚ್ಚಿದ ಮೇಲೆ ಸಿಕ್ಕಿತ್ತು. ಅವಳ ನರಗಳೆಲ್ಲ ಔಷಧದಿಂದ ಬಿರುಸಾಗಿದ್ದವು. ಅದೇ ಪರದೇಶಕ್ಕೆ ಹೋಗುವ ರಕ್ತವೆಂದು ಅವಳು ತಿಳಿದಳು. "ಆತಲ್ಲ?" ಅಂತ ಕಣ್ಣು ಮುಚ್ಚಿದಳು. ನಾನು ಹೂಂ ಅಂದೆ. ಆಗಿರಲಿಲ್ಲ. ನರ್ಸಮ್ಮ ನನ್ನ ಕೈಗೆ ಚೀಟಿ, ಎರಡು ಸೀಸೆ ಇದ್ದ ಡಬ್ಬಿ ಕೊಟ್ಟು, "ಸಲೈನ್ ಮುಗದ ಮ್ಯಾಲೆ ಕೆಳಗ ಲ್ಯಾಬಿಗೆ ಕರಕೊಂಡ ಹೋಗ್ರಿ" ಅಂದಿದ್ದಳು.

ಸಲೈನ್ ಮುಗಿಯಿತು. ಅಕ್ಕ ವಾಂತಿ ಮಾಡಿಕೊಂಡು ಮಲಗಿಬಿಟ್ಟಿದ್ದಳು. ಅವಳನ್ನು ಎಬ್ಬಿಸಲಿಲ್ಲ. ಕರುಣೆಯಿಂದ ಎಬ್ಬಿಸಲಿಲ್ಲ ಅಂತ ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಖರೆ. ಮೆಟ್ಟಿಲು ಇಳಿಯುವಾಗ ನನ್ನ ತಲೆಯಲ್ಲಿ ಇದ್ದದ್ದು ಬೇರೆ. ಅಕ್ಕನ ರಕ್ತ ಹೋದರೆ ಫೇಲ್ ಆಗುವುದು ಗ್ಯಾರಂಟಿ. ಫೇಲ್ ಆದರೆ ತಂಗಿಯ ಸಂಸಾರ ಹೋಗುತ್ತದೆ, ನಾಳೆ ಅಕ್ಕನ ಮಗಳನ್ನು ಯಾರೂ ಕೇಳುವುದಿಲ್ಲ, ಇಡೀ ಲಾಟೇ ಹೋಗುತ್ತದೆ. ನಾನು ಮೂವತ್ತನಾಲ್ಕಾದರೂ ಕಲ್ಲುಗುಂಡಿನ ಹಾಗೆ ಇದ್ದೇನೆ. ಎಲ್ಲಾ ಒಂದೇ ಹೊಲದ್ದು.

ಲ್ಯಾಬಿನವನು ಚೀಟಿ ನೋಡಿ ಅಕ್ಕನ ಹೆಸರು ಕೂಗಿದ. ನಾನು ಹೋಗಿ ಕುರ್ಚಿಯ ಮೇಲೆ ಕೂತೆ. ತಲೆ ತುಂಬ ಸೆರಗು ಹೊದ್ದಿದ್ದೆ, ನಮ್ಮ ಕಡೆ ಹೆಂಗಸರು ಹಾಗೆಯೇ ಇರುವುದರಿಂದ ಅವನು ಏನೂ ಕೇಳಲಿಲ್ಲ. ತೋಳಿಗೆ ರಬ್ಬರ್ ಬಿಗಿದು ಹೇಳಿದ, "ಭಾಳ ಚಲೋ ನರ ಅದಾವಲ್ರಿ ನಿಮ್ಮವು. ಔಷಧ ತಗೊಳ್ಳಾವರದು ಹಿಂಗ ಇರೂದಿಲ್ಲ."

"ಹೊಲದಾಗ ದುಡದ ಕೈ ಅಲ್ರಿ" ಅಂದೆ.

ಎರಡೂ ಸೀಸೆ ಲಗೂನ ತುಂಬಿದವು.

ಎರಡೂವರೆ ತಿಂಗಳಿಗೆ ಕಾಗದ ಬಂತು. ಅಕ್ಕ ಹೊರಗೆ ಬೆಂಚಿನ ಮೇಲೆ ಕೂತಿದ್ದಳು, ಒಳಗೆ ಹೋದವಳು ನಾನೊಬ್ಬಳೇ. ಡಾಕ್ಟರಬಾಯಿ ಕಾಗದವನ್ನು ಎರಡು ಸಲ ಓದಿದರು. "ತಪ್ಪು ಏನೂ ಸಿಕ್ಕಿಲ್ಲರಿ. ನನಗ ಆಶ್ಚರ್ಯ ಆಗೇತಿ" ಅಂದರು. "ಆದರ ಈ ಪರೀಕ್ಷೆ ಎಲ್ಲಾ ತಪ್ಪನ್ನೂ ಹಿಡಿತೈತಿ ಅಂತ ಹೇಳಾಕ ಬರೂದಿಲ್ಲ. ನಿಮ್ಮ ತಂಗಿಗೆ ಹೇಳ್ರಿ, ವರ್ಷಾ ವರ್ಷಾ ತೋರಿಸಿಕೊಳ್ಳೂದು ಬಿಡಬಾರದು."

ಹೊರಗೆ ಬಂದು ನಾನು ಅಕ್ಕನಿಗೆ ಹೇಳಿದ್ದು ಎರಡೇ ಶಬ್ದ, "ಏನೂ ಇಲ್ಲ." ಎರಡನೆಯ ಮಾತನ್ನು ಬಿಟ್ಟೆ. ಆಶ್ಚರ್ಯವಾಗಿದೆ ಅಂದದ್ದನ್ನೂ ಬಿಟ್ಟೆ. ಅಕ್ಕ ನನ್ನ ಎರಡೂ ಕೈ ಹಿಡಿದುಕೊಂಡು ಬಹಳ ಹೊತ್ತು ಕೂತಳು. ಊರಿಗೆ ಬರುವಾಗ ಹಾವೇರಿಯಲ್ಲಿ ಇಳಿಯೋಣ ಅಂದಳು. ಬಿಸಿಲಲ್ಲಿ ನಡೆಯಲಾರದೆ ನಡೆದು ತಂಗಿಯ ಅಂಗಡಿಗೆ ಹೋಗಿ, ಹೊಲಿಗೆ ಮಷಿನ್ನಿನ ಮೇಲೆ ಪೇಡೆಯ ಪೊಟ್ಟಣ ಇಟ್ಟಳು.

"ಏನಬೇ ಇದು?"

"ನಿನ್ನ ರಿಸಲ್ಟ್. ಪಾಸ್ ಆಗೀದಿ. ಇನ್ನ ಆ ಮುದಿಕಿಗೆ ಅಂಜಬ್ಯಾಡ, ಲಗೂನ ಒಂದ ಹಡಿ."

ತಂಗಿ ಅಳುತ್ತ ನಕ್ಕಳು. ನಾನೂ ಪೇಡೆ ತಿಂದೆ.

ಹತ್ತು ತಿಂಗಳಿಗೆ ಅಕ್ಕ ಹೋದಳು. ಕೊನೆಯ ದಿನಗಳಲ್ಲಿ ಅವಳಿಗೆ ಇದ್ದ ಸಮಾಧಾನ ಅದೊಂದೇ, ಉಳಿದವರಿಗೆ ಏನೂ ಇಲ್ಲ ಅನ್ನುವುದು. ಅದನ್ನು ನಾನೇ ಕೊಟ್ಟೆನಲ್ಲ ಅಂತ ನನಗೆ ಒಳಗೊಳಗೆ ಹೆಮ್ಮೆಯೂ ಇತ್ತು. ಈಗ ಅದನ್ನು ಬರೆಯುವುದು ಕಷ್ಟ, ಆದರೂ ಇತ್ತು.

ತಂಗಿ ಹುಬ್ಬಳ್ಳಿಗೆ ಹೋಗುವುದನ್ನು ನಿಲ್ಲಿಸಿದಳು. ಬಸ್ ಖರ್ಚು, ಫೋಟೋದ ಖರ್ಚು, ಒಂದು ದಿನದ ಹೊಲಿಗೆ ಹಾಳು, ಏನೂ ಇಲ್ಲದ ಮೇಲೆ ಯಾಕೆ? ನಾನು ಹೋಗು ಅನ್ನಲಿಲ್ಲ. ಎರಡು ವರ್ಷಕ್ಕೆ ಅವಳಿಗೆ ಗಂಡು ಮಗುವಾಯಿತು. ನಾನು ಮಾಡಿದ್ದೇ ಸರಿಯಾಯಿತು ಅಂದುಕೊಂಡೆ.

ಮಗುವಿಗೆ ಒಂದೂವರೆ ವರ್ಷ ಆದಾಗ ನಮ್ಮ ಪಕ್ಕದ ಮನೆಗೆ ಫೋನ್ ಮಾಡಿ ನನ್ನನ್ನು ಕರೆಸಿದಳು. "ಅಕ್ಕಾ, ಬಲಗಡೆ ಒಂದ ಸಣ್ಣ ಗಂಟ ಆಗೇತಿ. ಹಾಲಿಂದ ಇರಬೇಕು. ದೊಡ್ಡಕ್ಕನ ರಿಪೋರ್ಟ್ ಚಲೋ ಬಂದಿತ್ತಲ್ಲ, ಅಂಜೂದೇನಿಲ್ಲ ಹೌದಲ್ಲ?"

ಪಕ್ಕದ ಮನೆಯವರು ಅಲ್ಲೇ ನಿಂತಿದ್ದರು. "ಒಮ್ಮೆ ತೋರಸು" ಅಂದೆ. ಅಷ್ಟೇ ಅಂದೆ. ಅವಳು ಹಾವೇರಿಯಲ್ಲೇ ಒಬ್ಬ ಡಾಕ್ಟರಿಗೆ ತೋರಿಸಿದಳು. ಮನೆತನದಲ್ಲಿ ಯಾರಿಗಾದರೂ ಇತ್ತೇನು ಅಂತ ಅವರು ಕೇಳಿದಾಗ ಅಕ್ಕನ ಕಾಗದವನ್ನೇ ಮುಂದೆ ಇಟ್ಟಳಂತೆ. ಬಹಳ ಜೋಪಾನವಾಗಿ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡಿದ್ದಳು. ಹಾಲಿನ ಗಂಟು, ಮಗುವಿಗೆ ಹಾಲು ಬಿಡಿಸಿದ ಮೇಲೆ ನೋಡೋಣ ಅಂದರಂತೆ. ನಾಲ್ಕು ತಿಂಗಳು ಹೋದವು. ಆ ನಾಲ್ಕು ತಿಂಗಳಲ್ಲಿ ನಾನು ಎರಡು ಸಲ ಹಾವೇರಿಗೆ ಹೋದೆ, ಎರಡು ಸಲವೂ ಹೇಳದೆ ಬಂದೆ. ಒಮ್ಮೆ ಅವಳ ಗಂಡ ಮನೆಯಲ್ಲಿದ್ದ. ಇನ್ನೊಮ್ಮೆ ಯಾರೂ ಇರಲಿಲ್ಲ.

ಗಂಟು ಬೆಳೆದ ಮೇಲೆ ಹುಬ್ಬಳ್ಳಿಗೆ ಹೋದೆವು. ಅದೇ ಡಾಕ್ಟರಬಾಯಿ. ಅಷ್ಟೊತ್ತಿಗೆ ಅದು ಕಂಕುಳಿಗೆ ಹಬ್ಬಿತ್ತು. ಅಕ್ಕನ ಹಳೆಯ ಕಾಗದವನ್ನು ಮತ್ತೆ ಓದಿ ಅವರು ಹೇಳಿದರು, "ಇವರದೂ ಆ ಪರೀಕ್ಷೆ ಮಾಡಸೂಣಂತ ಮನಸ್ಸಿಗೆ ಬರತೈತಿ. ಆದರ ಅಷ್ಟ ರೊಕ್ಕ ಮತ್ತೊಮ್ಮೆ ಹಾಕ್ರಿ ಅಂತ ಹೆಂಗ ಹೇಳಲಿ? ಅಕ್ಕಂದು ಇಲ್ಲ ಅಂತ ಬಂದೈತಿ. ಸದ್ಯಕ್ಕ ಈ ಒಂದು ಎದಿದು ನೋಡೂಣು."

ತಂಗಿ ಗೋಣು ಹಾಕಿದಳು. ನಾನು ಕುರ್ಚಿಯಲ್ಲಿ ಕೂತಲ್ಲೇ ಹೇಳಿದೆ, "ಆ ರಕ್ತ ಅಕ್ಕಂದಲ್ಲರಿ. ನಂದು."

ಡಾಕ್ಟರಬಾಯಿಗೆ ಮೊದಲು ತಿಳಿಯಲಿಲ್ಲ. "ಲ್ಯಾಬಿನವರು ಅದಲಿ ಬದಲಿ ಮಾಡಿದ್ರೇನು?"

"ಇಲ್ಲರಿ. ನಾನ ಮಾಡಿದ್ದು. ಅಕ್ಕನ ಹೆಸರು ಹೇಳಿ ನಾ ಕೊಟ್ಟೆ."

"ಯಾಕ?"

ಸ್ಯಾಂಪಲ್ಲು, ಲಾಟು ಅಂತೆಲ್ಲ ಹೇಳಲು ಹೋದೆ. ಆ ಕೋಣೆಯಲ್ಲಿ ಅದು ಹುಚ್ಚರ ಮಾತಿನ ಹಾಗೆ ಕೇಳಿಸಿತು. ಅರ್ಧಕ್ಕೆ ನಿಲ್ಲಿಸಿದೆ. ಡಾಕ್ಟರಬಾಯಿ ನನ್ನನ್ನು ಬೈಯಲಿಲ್ಲ. ಹಳೆಯ ಕಾಗದದ ಮೇಲೆ ಅಡ್ಡ ಗೆರೆ ಎಳೆದು ಏನೋ ಬರೆದು ಸಹಿ ಮಾಡಿದರು. ಆಮೇಲೆ ತಂಗಿಯ ಕಡೆ ತಿರುಗಿ, "ನಿಮ್ಮ ರಕ್ತ ಕಳಸಬೇಕಾಗತೈತ್ರಿ. ಪೂರಾ ಪರೀಕ್ಷೆ. ಅವತ್ತ ನಿಮ್ಮ ಅಕ್ಕನ ರಕ್ತ ಹೋಗಿದ್ರ ನಿಮಗ ಇಷ್ಟ ಖರ್ಚ ಬೀಳತಿರಲಿಲ್ಲ" ಅಂದರು. ಖರ್ಚಿನ ಮಾತನ್ನಷ್ಟೇ ಆಡಿದರು, ಉಳಿದದ್ದನ್ನು ಬಿಟ್ಟರು.

ಬಸ್ಸಿನಲ್ಲಿ ತಂಗಿ ಕಿಟಕಿಯ ಕಡೆ ಕೂತಿದ್ದಳು. ಶಿಗ್ಗಾವಿ ದಾಟಿದ ಮೇಲೆ ಹೊರಗೆ ನೋಡುತ್ತಲೇ ಅಂದಳು, "ಪೇಡೆ ತಿಂದೆಲ್ಲ ನೀ. ಹೆಂಗ ಇಳೀತ?"

ನಾನು ಮಡಿಲಲ್ಲಿದ್ದ ಕಾಗದದ ಚೀಲದ ಬಾಯಿ ಮಡಚಿದೆ.

"ನಾ ಅಂಜೇನಂತ ನೀ ಹಂಗ ಮಾಡಿದಿ ಅಂತ ಹೇಳಬ್ಯಾಡ ಮತ್ತ. ಅಂಜಿದ್ರೂ ನಾ ಹೋಗಿ ತೋರಿಸಿಕೊಂಡ ಬರತಿದ್ದೆ. ಅಂಜಿಕೀನ ನನ್ನ ಕಾಯತಿತ್ತು. ನೀ ಅದನ್ನ ತಗದಿ."

ಹಾವೇರಿ ಹತ್ತಿರ ಬಂದಾಗ, "ಅಕ್ಕನ ಮಗಳಿಗೆ ನೀನ ಹೇಳಬೇಕು. ನಾ ಹೇಳೂದಿಲ್ಲ, ಹೇಳಿದ್ರ ಆಕೆ ನಿನ್ನ ಮಾರಿ ನೋಡೂದಿಲ್ಲ. ಹೇಳೂ ಮಟಾ ನನ್ನ ಮನಿಗೆ ಬರಬ್ಯಾಡ" ಅಂದಳು.

ಈ ಸಲ ಕಾಗದದಲ್ಲಿ ತಪ್ಪು ಸಿಕ್ಕಿತು. ಯಾವ ಜಾಗದಲ್ಲಿ ಅನ್ನುವುದೂ ಬರೆದಿತ್ತು. ತಂಗಿಯ ಎರಡೂ ಎದೆ ತೆಗೆದರು, ಗರ್ಭದ ಮಗ್ಗುಲಿನ ಅಂಡಾಶಯಗಳನ್ನೂ ತೆಗೆದರು. ಆದರೆ ಮೊದಲಿನ ಗಂಟಿನ ಬೇನೆ ಆಗಲೇ ಮೈಯೊಳಗೆ ಬಹಳ ದೂರ ಹೋಗಿತ್ತು. ಹೊಲಿಗೆ ಮಷಿನ್ ಮಾರಲಿಲ್ಲ ಅವಳು. ಕೈ ಬಾತುಕೊಂಡಿದ್ದರೂ ಕೂತು ಹುಕ್ಕು ಹಚ್ಚುತ್ತಿದ್ದಳು. ಎರಡು ವರ್ಷ ಬದುಕಿದಳು. ಮಗನನ್ನು ಬಾಲವಾಡಿಗೆ ಕಳಿಸುವವರೆಗೆ.

ಅಕ್ಕನ ಮಗಳಿಗೆ ನಾನು ಹೇಳಿದ್ದು ತಂಗಿಯ ಕಾಗದ ಬಂದ ವಾರ. ಆಗ ಅವಳಿಗೆ ಹದಿನೆಂಟು ತುಂಬಿತ್ತು, ಕಾಲೇಜಿಗೆ ಹೋಗುತ್ತಿದ್ದಳು. ಬ್ಯಾಡಗಿಯ ಮನೆಯ ಹಿಂದಿನ ಪಡಸಾಲೆಯಲ್ಲಿ ಕೂಡಿಸಿಕೊಂಡು ಮೊದಲಿಂದ ಹೇಳಿದೆ. ಏನೂ ಬಿಡಲಿಲ್ಲ, ಲ್ಯಾಬಿನವನ ಮಾತನ್ನೂ ಬಿಡಲಿಲ್ಲ. ಎಲ್ಲ ಮುಗಿದ ಮೇಲೆ ಕೇಳಿದಳು, "ಅವ್ವಗ ಗೊತ್ತಿತ್ತೇನು?"

"ಇಲ್ಲ."

"ಆಕಿ ಪಾಟ್ಲಿ ಕೊಟ್ಟಿದ್ದು ನಿನ್ನ ರಕ್ತ ನೋಡಾಕ ಆತು."

"ಹೌದವ್ವಾ."

"ಈಗ ನಂದು ನೋಡಸಬೇಕಂದ್ರ?"

"ಜಾಗಾ ಗೊತ್ತಾಗೇತಿ. ಅದೊಂದ ನೋಡತಾರ. ಅವತ್ತಿನಷ್ಟ ಖರ್ಚಿಲ್ಲ. ನಾ ಕೊಡತೇನಿ."

"ಬ್ಯಾಡ ಚಿಗವ್ವ" ಅಂದಳು. ಸಿಟ್ಟಿನಿಂದ ಅಂದ ಹಾಗೆ ಇರಲಿಲ್ಲ. "ಅಪ್ಪ ಕೊಡತಾನ. ನಾ ಅಪ್ಪನ ಕೂಡ ಹೋಗತೇನಿ."

ಹೋಗಿ ಬಂದಳು ಅಂತ ಅವರ ನೆರೆಯವರಿಂದ ತಿಳಿಯಿತು. ಕಾಗದದಲ್ಲಿ ಏನು ಬಂತು ಅನ್ನುವುದು ನನಗೆ ಗೊತ್ತಿಲ್ಲ. ತಂಗಿಗೆ ಗೊತ್ತಿತ್ತು, ಅವಳು ಹೇಳದೆ ಹೋದಳು. ಅಕ್ಕನ ಗಂಡನನ್ನು ಕೇಳುವ ಧೈರ್ಯ ನನಗಿಲ್ಲ. ಹಬ್ಬಕ್ಕೆ ಹೋದರೆ ಹುಡುಗಿ ಕೂಡ್ರು ಅನ್ನುತ್ತಾಳೆ, ಚಹಾ ಕೊಡುತ್ತಾಳೆ, ಮಳೆ ಬೆಳೆ ಕೇಳುತ್ತಾಳೆ. ಹೋದ ವರ್ಷ ಅವಳ ಲಗ್ನವಾಯಿತು. ಅಕ್ಷತೆ ಹಾಕುವಾಗ ಅವಳ ಮುಖ ನೋಡಿದೆ. ಮುಖ ನೋಡಿ ತಿಳಿಯುವಂಥದ್ದಲ್ಲ ಅದು. ಆರು ತಿಂಗಳಿಗೊಮ್ಮೆ ಅವಳು ಹುಬ್ಬಳ್ಳಿಗೆ ಹೋಗುತ್ತಾಳೋ, ಹೋಗುವ ಅವಶ್ಯಕತೆಯೇ ಇಲ್ಲವೋ, ಅದನ್ನು ನನಗೆ ಹೇಳಬೇಕಾದವಳು ಅವಳು. ಅವಳು ಹೇಳುವುದಿಲ್ಲ, ನಾನು ಕೇಳುವುದಿಲ್ಲ.